ಮಳಿ ನೀರು

ನಮ್ಮ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಯಾವ ನೀರು ತುಂಬಿಸಬೇಕೆಂದು ಅಂಗಡಿಯವನಿಗೆ ಹೇಳಿದವಳು ನಾನು. ತಪ್ಪೂ ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ಮಿರಜಿನ ಬಳಿಯ ಆರಗದ ನಮ್ಮ ಹೊಲದಿಂದ ಕಬ್ಬು ಹೊರಗೆ ಬರಬೇಕಾದರೆ ಕಾಲುವೆಯ ಏರು ಹತ್ತಲೇಬೇಕು. ಹಿಂದಿನ ಹಂಗಾಮಿನಲ್ಲಿ ಆ ಏರಿನ ನಡುವೆ ಗಾಲಿಗಳು ನಿಂತಲ್ಲೇ ಗರಗರ ತಿರುಗಿ, ತುಂಬಿದ ಎರಡು ಟ್ರೇಲರ್‌ಗಳು ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆದಿದ್ದವು. ಬೇವಿನ ಮರವೊಂದು ಅಡ್ಡ ಸಿಕ್ಕಿತು, ನನ್ನ ಗಂಡ ಉಳಿದರು. ಗಾಲಿಯೊಳಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಆ ಭಾರಕ್ಕೆ ಗಾಲಿ ನೆಲವನ್ನು ಕಚ್ಚಿ ಹಿಡಿಯುತ್ತದೆ ಎಂದು ಕಂಡವರೆಲ್ಲ ಹೇಳಿದರು. ಯಾವ ನೀರು ಎಂದು ಕೇಳಿದರೆ ಮಾತ್ರ ತಲೆಗೊಂದು ಮಾತು. ಒಬ್ಬರು ಬಾವಿಯದು ಸಾಕೆಂದರು, ಇನ್ನೊಬ್ಬರು ಉಪ್ಪು ಕಲಸಿದರೆ ತೂಕ ಹೆಚ್ಚೆಂದರು.

"ಬಾವಿ ನೀರ ಸವಳ ಐತಿ, ಕಬ್ಬಿಣಾ ತಿಂತೈತಿ. ಮಳಿ ನೀರ ತುಂಬಸ್ರಿ," ಎಂದರು ಅತ್ತೆ. ಸೋಸದ ನೀರನ್ನು ಬಚ್ಚಲಿಗೂ ಬಿಡದ ಜೈನ ಮನೆ ನಮ್ಮದು. ಹಾಗಾಗಿ ಇನ್ನೊಂದು ಮಾತನ್ನೂ ಸೇರಿಸಿದರು: "ಸೋಸಿ ತುಂಬಸ್ರಿ. ಗಾಲಿಯೊಳಗ ಜೀವ ಹಾಕಿ ಬಾಯಿ ಕಟ್ಟಬ್ಯಾಡ್ರಿ."

ಗಂಡ ಟ್ರ್ಯಾಕ್ಟರನ್ನು ಸಾಂಗ್ಲಿವಾಡಿಯ ಟಯರ್ ಅಂಗಡಿಯಲ್ಲಿ ಬಿಟ್ಟು ಬಂದರು. ರೇಡಿಯೇಟರಿಗೆಂದು ಮಳೆನೀರು ಹಿಡಿದಿಟ್ಟ ಪೀಪಾಯಿಗಳನ್ನು ಆ ಅಂಗಡಿಯಲ್ಲಿ ನಾನೇ ನೋಡಿದ್ದೆ. ಫೋನು ಹಚ್ಚಿದೆ. ನನ್ನ ಮರಾಠಿಯ ಬಗ್ಗೆ ನನಗೆ ವಿಪರೀತ ಜಂಬ. ಮಿರಜಿನ ಶಾಲೆಯಲ್ಲಿ ಕಲಿತವಳು ನಾನು, ಗಂಡನ ಮುರುಕು ಮರಾಠಿಯನ್ನು ದಿನಾ ಆಡಿಕೊಂಡು ನಗುವವಳು. "ವಿಹಿರೀಚಂ ನಕೋ, ಮಳೀಚಂ ಪಾಣಿ ಭರಾ," ಎಂದೆ. ಬಾವಿಯದು ಬೇಡ, ಮಳಿಯದು ತುಂಬಿ. ಅಂಗಡಿಯವನು ಅನುಮಾನದಿಂದ, ಖಂಡಿತವೇ ಎಂಬಂತೆ, "ನಕ್ಕೀ ಕಾ, ವೈನಿ?" ಎಂದ. ನನಗೆ ಸಿಟ್ಟೇ ಬಂತು. "ನಕ್ಕೀ!" ಎಂದು ಫೋನಿಟ್ಟೆ.

ಟ್ರ್ಯಾಕ್ಟರ್ ಮನೆಗೆ ಬಂದಾಗ ಹುಳಿಹುಳಿ ವಾಸನೆ ಇತ್ತು. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಡೆ ಗಾಳಿಯೇ ಹಾಗೆ ನಾರುತ್ತದೆ, ಯಾರೂ ಲಕ್ಷ್ಯ ಕೊಡಲಿಲ್ಲ. ಎರಡು ದಿನ ಅದು ಅಂಗಳದ ಬಿಸಿಲಿನಲ್ಲೇ ನಿಂತಿತು. ಮೂರನೆಯ ದಿನ ಮಧ್ಯಾಹ್ನ ಗಂಡ ಕಬ್ಬು ಹೇರಲು ಹೊಲಕ್ಕೆ ಹೋದ ಮೇಲೆ ಅತ್ತೆಗೆ ನೆನಪಾಯಿತು. "ಅಂವ ನೀರ ಸೋಸ್ಯಾನೋ ಇಲ್ಲೋ, ಒಂದ್ ಮಾತ ಕೇಳವಾ."

ಅವರ ಸಮಾಧಾನಕ್ಕೆಂದು ಕೇಳಿದೆ. ಅಂಗಡಿಯವನು ಜೋರಾಗಿ ನಕ್ಕ. ಮಳಿಯನ್ನು ಯಾರಾದರೂ ಸೋಸುತ್ತಾರೆಯೇ? ಕಾರ್ಖಾನೆಯ ಟ್ಯಾಂಕರಿನಿಂದ ತಂದು, ನೀರು ಬೆರೆಸಿ ತುಂಬಿದ್ದೇನೆ. ಬಿಸಿಲಿಗೆ ಹುಳಿತು ಉಬ್ಬುತ್ತದೆ, ದಿನಾ ಸ್ವಲ್ಪ ಹವಾ ಹೊರಗೆ ಬಿಡಿ, ಇಲ್ಲದಿದ್ದರೆ ಟ್ಯೂಬು ಒಡೆದೀತು ಎಂದ.

ನಮ್ಮ ಕನ್ನಡದ ಮಳಿ ಆಕಾಶದಿಂದ ಬೀಳುತ್ತದೆ. ಮರಾಠಿಯ ಮಳಿ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಂದು ರಸ, ಕಾಕಂಬಿ. ಮಳೆಗೆ ಅವರು ಪಾವೂಸ್ ಎನ್ನುತ್ತಾರೆ, ಎರಡನೆಯ ಇಯತ್ತೆಯ ಮಗುವಿಗೂ ಅದು ಗೊತ್ತು. ಮನೆಯ ಮಾತನ್ನು ಎತ್ತಿ ಮರಾಠಿಯೊಳಗೆ ಇಟ್ಟು, ಮೇಲೆ ಜಬರಿಸಿಯೂ ಬಿಟ್ಟಿದ್ದೆ ನಾನು.

ಗಂಡನ ಫೋನು ಕಪಾಟಿನ ಮೇಲೆ ಚಾರ್ಜಿಗಿತ್ತು. ಸ್ಕೂಟಿ ಹತ್ತಿ ಕಾಲುವೆಯ ಕಡೆ ಓಡಿಸಿದೆ. ದಾರಿಯುದ್ದಕ್ಕೂ ಕಣ್ಣಿಗೆ ಕಂಡಿದ್ದು ಆ ಬೇವಿನ ಮರ ಒಂದೇ.

ನಾನು ಮುಟ್ಟುವಷ್ಟರಲ್ಲಿ ಟ್ರ್ಯಾಕ್ಟರ್ ಏರಿನ ಅರ್ಧದಲ್ಲಿತ್ತು, ಹಿಂದೆ ಎರಡೂ ಟ್ರೇಲರ್ ತುಂಬ ಕಬ್ಬು. ಭಾರ ಬಿದ್ದಾಗ ತುಸು ತಗ್ಗಬೇಕಾದ ಗಾಲಿಗಳು ಒಂಚೂರೂ ತಗ್ಗದೆ ಬಿಗಿದುಕೊಂಡಿದ್ದವು. ಅಷ್ಟು ಬಿಗಿದ ಗಾಲಿ ನೆಲ ಕಚ್ಚುವುದಿಲ್ಲ ಎಂದು ನನಗೂ ಗೊತ್ತು. ಕೂಗಲು ಬಾಯಿ ತೆರೆದೆ. ತೆರೆದ ಕೂಡಲೇ ಹೊಳೆಯಿತು, ನನ್ನ ದನಿ ಕೇಳಿದರೆ ಇವರು ಬ್ರೇಕ್ ಹಾಕುತ್ತಾರೆ, ನಿಂತರೆ ಟ್ರೇಲರ್‌ಗಳು ಮತ್ತೆ ಹಿಂದಕ್ಕೆ ಎಳೆಯುತ್ತವೆ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಗಾಲಿ ಒಮ್ಮೆ ಜಾರಿತು. ಮಣ್ಣಿನ ಹೆಂಟೆಯೊಂದು ಹಿಂದಕ್ಕೆ ಹಾರಿತು. ಮತ್ತೆ ಹಿಡಿಯಿತು. ಬೇವಿನ ಮರ ದಾಟಿತು. ಮುಂದಿನ ಗಾಲಿ ಸಡಕಿನ ಮೇಲೆ ಬಂತು, ಆಮೇಲೆ ಹಿಂದಿನವು, ಆಮೇಲೆ ಒಂದು ಟ್ರೇಲರ್, ಇನ್ನೊಂದು. ಆಗ ಕಬ್ಬು ಕಡಿಯುವವರೆಲ್ಲ ತಿರುಗಿ ನೋಡುವ ಹಾಗೆ ಒದರಿದೆ.

ಇಳಿದು ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು ವಾಲ್ವ್ ಸಡಿಲಿಸಿದ್ದೇ ತಡ, ಕಂದು ನೊರೆ ಬುಸ್ಸೆಂದು ಅಂಗಿಯ ತುಂಬ ಹಾರಿತು. ಇನ್ನು ನನ್ನ ಮರಾಠಿಯ ಹಬ್ಬ ಮಾಡುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ.

"ನಾ ಏರು ಹತ್ತೂ ಮುಂದ ಯಾಕ ಒದರಲಿಲ್ಲ ನೀ?"

"ಒದರಿದ್ರ ನೀವು ನಡುವ ಬ್ರೇಕ್ ಹಾಕ್ತಿದ್ರಿ."

ಕೆಳಗೆ ಬೇವಿನ ಮರದ ತೊಗಟೆ ಹಿಂದಿನ ಹಂಗಾಮಿನಲ್ಲಿ ಸುಲಿದಿದ್ದ ಜಾಗವನ್ನು ನೋಡಿದರು. ಆಮೇಲೆ, ನಾನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದ ಸೆರಗನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿದರು. ಅದರ ತುದಿಯಲ್ಲಿ ನನ್ನ ಹಲ್ಲು ನಟ್ಟು ತೂತು ಬಿದ್ದಿತ್ತು.