ತಾಂಡೂರಿನ ಪುಟದಲ್ಲಿ ಕಾಣದ ಅವ್ವ

ಜಹೀರಾಬಾದಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ವೆಬ್‌ಸೈಟು ಮಾಡಿಕೊಡುತ್ತೇನೆ. ಬೋರ್ಡು ತೆಲುಗಿನಲ್ಲಿದೆ, ಚೌಕಾಸಿ ಉರ್ದುವಿನಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಮಾತಾಡುವ ಗಿರಾಕಿ ಬಂದರೆ ಮಾತ್ರ ಮನೆಗೆ ನೆಂಟರು ಬಂದಂತಾಗಿ ಲೆಕ್ಕ ತಪ್ಪುತ್ತದೆ. ಆ ಮೂವರು ಅಕ್ಕತಂಗಿಯರು ಬಂದಾಗಲೂ ಹಾಗೇ ಆಯಿತು.

ಅವರು ಮೊಗುಡಂಪಲ್ಲಿ ಕಡೆಯವರು. ತಾಯಿ ಬದುಕಿದ್ದಷ್ಟು ದಿನ ಖಡಕ್ ರೊಟ್ಟಿ ಸುಟ್ಟು ಮಾರಿದವಳು. ಅವಳು ಹೋದ ಮೇಲೆ ಹಿರಿಯಳು ಜಹೀರಾಬಾದಿನಲ್ಲಿ, ನಡುವಿನವಳು ನಾರಾಯಣಖೇಡದಲ್ಲಿ, ಕಿರಿಯಳು ತಾಂಡೂರಿನಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದರು. ಮೂರೂ ಅಂಗಡಿಗೆ ಸೇರಿ ಒಂದು ವೆಬ್‌ಸೈಟು ಬೇಕಿತ್ತು. ಹಿರಿಯಳದು ಒಂದೇ ಷರತ್ತು: ಎಲ್ಲಾ ಪುಟಗಳ ನೆತ್ತಿಯ ಮೇಲೂ ಅವ್ವನ ಫೋಟೋ ಇರಬೇಕು.

ನಾನು ನನ್ನ ವಿದ್ಯೆ ತೋರಿಸಿದೆ. ಫೋಟೋ ಇರುವ ತಲೆಭಾಗವನ್ನು ಒಂದು ಫೈಲಿನಲ್ಲಿ ಇಡುವುದು, ಮೂರು ಊರಿನ ಪುಟಗಳೂ ಅದನ್ನು ಅಲ್ಲಿಂದಲೇ ಕರೆದುಕೊಳ್ಳುವುದು. ಮೂರು ಸಲ ಬರೆಯುವ ಕೆಲಸವಿಲ್ಲ.

"ಅವ್ವ ಒಂದೇ ಕಡಿ ಇರ್ತಾಳ, ಮೂರೂ ಮನ್ಯಾಗ ಕಾಣ್ತಾಳ. ಛಲೋನೇ ಆತಲ್ಲ ತಮ್ಮಾ," ಎಂದಳು ಹಿರಿಯಳು.

ಕೆಲವು ವಾರ ಛಲೋನೇ ಇತ್ತು. ಆಮೇಲೆ ಕಿರಿಯಳು ತನ್ನ ಪುಟಕ್ಕೆ ರೊಟ್ಟಿಯ ಬಗೆಗಳನ್ನೆಲ್ಲ ಸೇರಿಸಲು ಹೇಳಿದಳು. ಸಾಮಾನು ಹೆಚ್ಚಾಯಿತೆಂದು ನಾನು ತಾಂಡೂರಿನ ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಪುಟವನ್ನು ಅದರಲ್ಲಿಟ್ಟೆ. ಒಂದು ದಿನ ಅವಳ ಫೋನು ಬಂತು.

"ಅಣ್ಣ, ನನ್ನ ಪೇಜಿನಾಗ ಅವ್ವ ಕಾಣವಲ್ಲಳು."

ನಾನು ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅವ್ವ ಸೆರಗು ಹೊದ್ದು ಕೂತೇ ಇದ್ದಳು. "ಅದಾಳ್ರಿ. ನಂಗ ಕಾಣ್ತಾಳ," ಎಂದೆ.

"ನಿಮಗ ಕಾಣ್ತಾಳ, ಅಕ್ಕನ ಪೇಜಿನಾಗ ಕಾಣ್ತಾಳ, ನನ್ನ ಪೇಜಿನಾಗಷ್ಟೇ ನಂಗ ಕಾಣಂಗಿಲ್ಲ. ಅಕ್ಕನೇ ತೆಗಿ ಅಂದಾಳೇನ್ರಿ?"

ಅನುಮಾನಕ್ಕೆ ಬೇರೆ ಕಾರಣವಿತ್ತು. ಕಿರಿಯಳು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು. ಅವ್ವ ಹಚ್ಚುತ್ತಿರಲಿಲ್ಲ ಎಂದು ಹಿರಿಯಳು ಅದನ್ನು ಧರ್ಮಭ್ರಷ್ಟತೆಯಂತೆ ನೋಡುತ್ತಿದ್ದಳು. ಹೀಗಾಗಿ ಫೋಟೋ ಮಾಯವಾದದ್ದು ಎಳ್ಳಿಗೆ ಕೊಟ್ಟ ಶಿಕ್ಷೆಯೆಂದು ಕಿರಿಯಳಿಗೆ ಖಾತ್ರಿಯಾಗಿತ್ತು. ಹಿರಿಯಳನ್ನು ಕೇಳಿದರೆ, "ನಾ ಯಾಕ ತೆಗೀಲಿ? ತೆಗದಿದ್ರೂ ತಪ್ಪೇನದ?" ಎಂದಳು. ಮೊದಲ ಮಾತನ್ನಷ್ಟೇ ತಾಂಡೂರಿಗೆ ಮುಟ್ಟಿಸಿದೆ. ಎರಡನೆಯದು ಯಾರದೋ ಬಾಯಿಂದ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು.

ಕೊನೆಗೆ ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಾಂಡೂರಿಗೆ ಹೋದೆ. ಕಿರಿಯಳು ಕಲ್ಲುಹಾಸಿನ ಮೇಲೆ ರೊಟ್ಟಿ ಆರಹಾಕುತ್ತಿದ್ದವಳು ಎದ್ದು ತನ್ನ ಫೋನು ಕೊಟ್ಟಳು. ನಿಜ, ಅವ್ವ ಇರಲಿಲ್ಲ. ಪುಟ ನೇರ ರೊಟ್ಟಿಯಿಂದಲೇ ಶುರುವಾಗುತ್ತಿತ್ತು.

ಲ್ಯಾಪ್‌ಟಾಪ್ ತೆರೆದು ಕೂತಾಗ ವಿಷಯ ಗೊತ್ತಾಯಿತು. ಒಂದು ಫೋಲ್ಡರ್ ಹೊರಗೆ ಹೋಗಿ ಅವ್ವನನ್ನು ಕರೆದುಕೊಂಡು ಬಾ ಎಂದು ಪುಟಕ್ಕೆ ಮೊದಲೇ ಬರೆದಿದ್ದೆ. ಪುಟವನ್ನು ಒಳಗೆ ಸರಿಸಿದ ಮೇಲೆ ಎರಡು ಫೋಲ್ಡರ್ ದಾಟಬೇಕಿತ್ತು. ಅದು ಒಂದನ್ನೇ ದಾಟಿ, ಅಲ್ಲಿ ಯಾರೂ ಕಾಣದೆ, ಸುಮ್ಮನೆ ಮುಂದಿನ ಕೆಲಸ ನೋಡಿಕೊಂಡಿತ್ತು. ನಾನು ಬಳಸಿದ ಆಜ್ಞೆಯ ಗುಣವೇ ಅದು, ಫೈಲು ಸಿಗದಿದ್ದರೆ ತುಸು ಗೊಣಗಿ ಮುಂದೆ ಹೋಗುತ್ತದೆ. ಆ ಗೊಣಗಾಟ ಗಿರಾಕಿಗಳಿಗೆ ಕಾಣಬಾರದೆಂದು ನಾವೇ ಅದರ ಬಾಯಿ ಮುಚ್ಚಿಸಿರುತ್ತೇವೆ. ನನ್ನ ಕಂಪ್ಯೂಟರಿನಲ್ಲಿದ್ದ ವೆಬ್‌ಸೈಟಿನ ಪ್ರತಿಯಲ್ಲಿ ಮಾತ್ರ ತಾಂಡೂರಿನ ಫೋಲ್ಡರಿನಲ್ಲಿ ಆ ಫೈಲಿನ ಹಳೆಯ ನಕಲೊಂದು ಬಿದ್ದಿತ್ತು. ನಾನು ಅಷ್ಟು ಧೈರ್ಯದಿಂದ ನೋಡಿ ಹೇಳಿದ್ದು ಆ ನಕಲಿ ಅವ್ವನನ್ನು.

ಕಿರಿಯಳಿಗೆ ಹೀಗೆ ಹೇಳಿದೆ: "ನೀವು ಪಡಸಾಲ್ಯಾಗ ಇದ್ರಿ. ಒಂದು ಬಾಗಿಲಾ ದಾಟಿದ್ರ ಅಂಗಳದಾಗ ಅವ್ವ ಇದ್ಲು. ಈಗ ಅಡಗಿಮನ್ಯಾಗ ಕುಂತೀರಿ. ಒಂದೇ ಬಾಗಿಲಾ ದಾಟಿದ್ರ ಪಡಸಾಲಿ ಬರ್ತದ, ಅಂಗಳ ಬರಂಗಿಲ್ಲ."

"ಅಡಗಿಮನ್ಯಾಗ ನನ್ನ ಕುಂದರಿಸಿದವರು ಯಾರು?"

"ನಾನೇ."

ಎಷ್ಟು ಬಾಗಿಲು ಎಂದು ಎಣಿಸುವ ಗೊಡವೆಯೇ ಬೇಡವೆಂದು, ಪುಟ ಎಲ್ಲಿದ್ದರೂ ವೆಬ್‌ಸೈಟಿನ ಬುಡದಿಂದಲೇ ಫೈಲು ಹುಡುಕುವಂತೆ ತಿದ್ದಿದೆ. ಫೋನಿನಲ್ಲಿ ಅವ್ವ ಬಂದಳು. ಕಿರಿಯಳು ಸ್ವಲ್ಪ ಹೊತ್ತು ನೋಡಿದಳು, ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು. ಆಮೇಲೆ ಅವಳ ಮುಖ ಬಾಡಿತು.

"ಅಂದ್ರ ಅಕ್ಕ ಏನೂ ಮಾಡಿಲ್ಲ?"

"ಏನೂ ಮಾಡಿಲ್ರಿ."

"ನಾ ಬೀಗರಿಗೆಲ್ಲ ಹೇಳೀನಲ್ರಿ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಊಟ ಮಾಡಿಸಿ ಕಳಿಸಿದಳು.

ಜಹೀರಾಬಾದಿಗೆ ಬಂದು ಹಿರಿಯಳಿಗೆ ನಡೆದದ್ದೆಲ್ಲ ಹೇಳಿದೆ. ಜಗಳ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಅವಳು, "ಹಂಗಾದ್ರ ಅಕಿ ಸುಳ್ಳೇ ನನ್ನ ಮ್ಯಾಲ ಅನುಮಾನ ಮಾಡ್ಯಾಳ," ಎಂದು ಆಗಲೇ ತಾಂಡೂರಿಗೆ ಫೋನು ಹಚ್ಚಿದಳು. ಅದುವರೆಗೆ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದವರು ಅಂದಿನಿಂದ ದಿನಾ ಜಗಳಕ್ಕೆಂದು ಫೋನು ಮಾಡತೊಡಗಿದರು. ಜಗಳ ಬರಬರುತ್ತ ಮಂಡಿನೋವಿಗೆ, ಜೋಳದ ದರಕ್ಕೆ, ಸೊಸೆಯಂದಿರ ಸುದ್ದಿಗೆ ತಿರುಗಿತು. ಎಲ್ಲಕ್ಕೂ ಮೂಲ ಕಂಪ್ಯೂಟರಿನವನು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಹಾಗೆಂದು ಇಬ್ಬರೂ ನನಗೇ ಬಂದು ಹೇಳಿದರು.

ಇದಾದ ಮೇಲೆ ನಾರಾಯಣಖೇಡದಿಂದ ನಡುವಿನವಳ ಫೋನು ಬಂತು. ಇಡೀ ಗದ್ದಲದಲ್ಲಿ ಅವಳ ಪುಟಕ್ಕೆ ಕೂದಲೂ ಕೊಂಕಿರಲಿಲ್ಲ. ನಾನಾಗಿಯೇ, "ನಿಮ್ದು ಬರಾಬರ್ ಅದರಿ, ಫಿಕೀರ್ ಮಾಡಬ್ಯಾಡ್ರಿ," ಎಂದೆ.

"ಗೊತ್ತದರಿ. ಅದಕ್ಕೇ ಫೋನ್ ಮಾಡೀನಿ," ಎಂದಳು ಆಕೆ. "ನಂದೂ ಒಮ್ಮಿ ಏನರ ಕೆಟ್ಟಿದ್ರ, ಅವರಿಬ್ಬರೂ ನಂಗೂ ಫೋನ್ ಮಾಡ್ತಿದ್ರು."