ಕಾಕಾನ ಮೀನುಗಳ ಹಳೆಯ ನೀರು

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ, ನಳ ಬಂದ ಹೊತ್ತಿಗೆ, ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಕೆಳಗಿದ್ದ ಮೀನಿನ ಪೆಟ್ಟಿಗೆಯ ಎಡಕ್ಕೆ, ಒಂದು ಮಣೆಯ ಮೇಲೆ ನಾನು ನಿಂತಿದ್ದೆ. ನನಗೆ ಒಂಬತ್ತು ವರ್ಷ. ಇವತ್ತಿಗೂ ನಳದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆದರೆ ಕಾಲ ಕೆಳಗೆ ಆ ಮಣೆ ಸಿಗುತ್ತದೆ. ಮನೆ ಈಗಿಲ್ಲ, ರಸ್ತೆ ಅಗಲ ಮಾಡಿದಾಗ ಪಡಸಾಲೆಯೇ ಮೊದಲು ಹೋಯಿತು. ಹಾಗೆ ಹೋದ ಮನೆಯೊಂದು ನಿಮಗೂ ಇದ್ದರೆ, ಯಾವ ಹೊತ್ತಿಗೆ ಯಾವ ಗೋಡೆಯ ಮೇಲೆ ಬಿಸಿಲು ಬೀಳುತ್ತಿತ್ತೆಂಬುದನ್ನು ನೀವೂ ಮರೆತಿರಲಾರಿರಿ.

ಪೆಟ್ಟಿಗೆ ನಮ್ಮ ಕಾಕಾನದು. ಅಪ್ಪನ ತಮ್ಮ; ಮೋಟಾರು ವೈಂಡಿಂಗ್ ಕೆಲಸ. ಮದುವೆಯಾದ ವರ್ಷ ಅವನೂ ಚಿಗವ್ವನೂ ಹುಬ್ಬಳ್ಳಿಯಿಂದ ಅದನ್ನು ತಂದಿದ್ದರು. ಯಲವಿಗಿಯವರೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಚಿಗವ್ವ ನಾಲ್ಕು ಬಂಗಾರದ ಬಣ್ಣದ ಮೀನುಗಳಿದ್ದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ ಕುಳಿತು ಬಂದಳಂತೆ. ಮರುವರ್ಷ ಜ್ವರದಲ್ಲಿ ಆಕೆ ತೀರಿಹೋದಳು. ಅವಳು ತಂದ ನಾಲ್ಕೂ ಉಳಿದವು. ಕಾಕಾ ಊಟಕ್ಕೂ ಅವುಗಳ ಎದುರಿಗೇ ಕೂಡುತ್ತಿದ್ದ. ನಮ್ಮೊಡನೆ ಆಡುವ ಮಾತು ಕಡಿಮೆಯಾಗುತ್ತ ಹೋಗಿತ್ತು. ಐತವಾರ ಮಾತ್ರ, ನೀರು ಬದಲಿಸುವಾಗ, ನನ್ನನ್ನು ಕರೆಯುತ್ತಿದ್ದ. ಪುಡಿಯ ವಾಸನೆ ಹೋಗಲೆಂದು ಹಿಂದಿನ ದಿನವೇ ಬಕೀಟಿನಲ್ಲಿ ತುಂಬಿ ಬಿಟ್ಟ ನೀರು. ಅದರಲ್ಲೊಂದು ಕೈ, ಪೆಟ್ಟಿಗೆಯಲ್ಲೊಂದು ಕೈ ಇಟ್ಟು, ಎರಡೂ ಒಂದೇ ಸಮ ತಣ್ಣಗಿವೆಯೇ ಎಂದು ಕಣ್ಣು ಮುಚ್ಚಿ ನೋಡುವನು. ಆಮೇಲೆ ನಳಿಗೆಯಿಂದ ಕಾಲು ಭಾಗವನ್ನಷ್ಟೇ ಇಳಿಸುವನು.

“ಪೂರ್ತಿ ಯಾಕ ತಗೀಬಾರ್ದು ಕಾಕಾ?”

“ಹಳೇ ನೀರಿಗೆ ಅವು ಹೊಂದಿಕೊಂಡಿರ್ತಾವ ತಂಗಿ. ನಿನ್ನ ಜಳಕ ಇದ್ದಂಗ ಇದು. ಕೈಕಾಲು ತೋಯಿಸಿ ಎದ್ದು ಬಂದ್ರ ಆತು, ಪೂರ್ತಿ ಬ್ಯಾಡ.”

ಆ ಹಬ್ಬದ ದಿನ ಕಾಕಾ ಪಂಪು ಕೂಡಿಸಲು ಮಾಸೂರಿಗೆ ಹೋಗಿದ್ದ. ಮನೆಯಲ್ಲಿ ನೀರು ಹಿಡಿಯುವುದೆಲ್ಲ ಅಂಗಳಕ್ಕೆ ಬಂದಿತ್ತು: ಹಂಡೆ, ಕೊಡ, ಚರಿಗೆ, ದೇವರ ತಂಬಿಗೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದಳು: “ಹಳೇ ನೀರು ಒಂದು ಹನಿ ಉಳೀಬಾರ್ದ ನೋಡ್ರೆವಾ. ಇವತ್ತ ಹೊಸಾ ಗಂಗವ್ವ ಬರತಾಳ.”

“ಮೀನಿನ ಪೆಟಗಿ, ಆಯಿ?” ಅಂದಳು ಅಕ್ಕ.

“ಅದು ಅವನ ದೇವರ ಮನಿ. ಮುಟ್ಟಬ್ಯಾಡ್ರಿ.”

ಇದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಒಳಗೆ ಬಂದು ನೋಡಿದಾಗ ಮನೆಯಲ್ಲೆಲ್ಲ ಅದೊಂದೇ ಹಸಿರುಗಟ್ಟಿ ಮಂಕಾಗಿ ಕಂಡಿತು. ಕಾಕಾ ಬಂದು ನೋಡಿ ನಗಲಿ ಎಂದುಕೊಂಡೆ. ಅವನು ಕಲಿಸಿದಂತೆಯೇ ಕೈ ತೋಯಿಸಿಕೊಂಡು, ಬಾಲ ಹಿಡಿಯದೆ, ನಾಲ್ಕನ್ನೂ ಬೋಗುಣಿಗೆ ಬಿಟ್ಟು, ಹಾರದಂತೆ ತಾಟು ಮುಚ್ಚಿದೆ. ಹಳೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಚೆಲ್ಲಿದೆ. ತಳದ ಹರಳುಗಳನ್ನು ಪಾಚಿ ಹೋಗುವವರೆಗೆ ತಿಕ್ಕಿದೆ. ಅಷ್ಟರಲ್ಲಿ ಅಕ್ಕ ಹೊಸ್ತಿಲಿಗೆ ಬಂದಳು.

“ಏ ಹುಚ್ಚಿ, ಕಾಕಾ ಬೈತಾನ.”

“ಮೀನಿಗೆ ಹಬ್ಬ ಬ್ಯಾಡೇನ?”

ಅವಳು ನಕ್ಕು ಕೊಡ ಎತ್ತಿಕೊಂಡು ಹೋದಳು. ಆಗಷ್ಟೇ ಬಂದ ನಳದ ನೀರನ್ನು ನಾನು ಅಂಚಿನವರೆಗೆ ತುಂಬಿ ಮೀನುಗಳನ್ನು ಬಿಟ್ಟೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವು ಗಾಳಿಯಲ್ಲಿ ತೇಲಿದಂತೆ ಕಂಡವು. ಸ್ವಲ್ಪ ಹೊತ್ತಿಗೆ ಒಂದು ಮೇಲೆ ಬಂದು ಬಾಯಿ ತೆರೆಯಿತು. ಆಮೇಲೆ ನಾಲ್ಕೂ ಬಂದವು. ಹಸಿದಿವೆಯೆಂದು ಚಿಟಿಕೆ ಕಾಳು ಹಾಕಿದೆ. ಒಂದೂ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಮಗ್ಗುಲಾಗಿ ತೇಲುತ್ತಿದ್ದವು.

ಕಾಕಾ ಬಂದವನು ಚೀಲ ಇಳಿಸಲಿಲ್ಲ. ನೀರಿನಲ್ಲಿ ಕೈ ಅದ್ದಿ ಮೂಸಿ ನೋಡಿದ. “ಯಾರು?” ಅಂದ. ಆಯಿ ಅಡಿಗೆಮನೆಯಿಂದ ಬಂದಳು. ಮೊದಲು ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ನನ್ನ ಉಗುರಿನೊಳಗಿನ ಪಾಚಿಯನ್ನು. ಸೆರಗಿನಲ್ಲಿ ನನ್ನ ಕೈ ಸುತ್ತಿ ಹಿಂದಕ್ಕೆ ಎಳೆದುಕೊಂಡಳು.

“ನಾನ ಚೆಲ್ಲಿಸೇನಪಾ. ಹಬ್ಬದಾಗ ಹಳೇ ನೀರು ಬ್ಯಾಡಂತ.”

“ನಿನಗ ಗೊತ್ತಿತ್ತಲ್ಲಬೇ,” ಅಂದ ಕಾಕಾ.

ಮರುದಿನ ಬೆಳಿಗ್ಗೆ ಆಯಿ ಎಣ್ಣೆ ಹಚ್ಚಲು ಕರೆದಾಗ ಅವನು ಏಳಲಿಲ್ಲ. ಆ ತಿಂಗಳೇ ಹಿರೇಕೆರೂರಿನಲ್ಲಿ ಅಂಗಡಿ ಹಿಡಿದು ಅಲ್ಲಿಯೇ ಉಳಿದ. ಆಯಿ ಪ್ರತಿವರ್ಷ ಹಬ್ಬಕ್ಕೆ ಹೇಳಿಕಳಿಸುತ್ತಿದ್ದಳು. ಅವನು ಬಂದದ್ದು ಅವಳ ಮಣ್ಣಿಗೆ. ನಾನು ದೊಡ್ಡವಳಾದ ಮೇಲೆ ಒಮ್ಮೆ, ನಿಜ ಹೇಳಿಯೇ ತೀರಬೇಕೆಂದು, ಅವನ ಅಂಗಡಿಗೆ ಹೋಗಿದ್ದೆ. ಚಹಾ ತರಿಸಿದ. ಮಕ್ಕಳು ಎಷ್ಟು ಎಂದು ಕೇಳಿದ. ತಾಮ್ರದ ತಂತಿ ಸುತ್ತುತ್ತಲೇ, “ಅವ್ವ ಹಂಗ ಮಾಡ್ತಾಳಂತ ನಾ ಕನಸಿನ್ಯಾಗೂ ಅಂದ್ಕೊಂಡಿದ್ದಿಲ್ಲ ತಂಗಿ,” ಅಂದ. ಕಪ್ಪು ಕೆಳಗಿಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವನು ಬಸ್ ನಿಲ್ದಾಣದವರೆಗೆ ಬಂದು, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟ. ಈಗ ಅವನೂ ಇಲ್ಲ.

ಪೆಟ್ಟಿಗೆಯ ನೀರನ್ನು ಚೆಲ್ಲಿದ್ದು ನಾನು. ಕಂಡದ್ದು ಅಕ್ಕ ಒಬ್ಬಳೇ. ಅವಳು ಹಿರೇಬೆಂಡಿಗೇರಿಯಲ್ಲಿದ್ದಾಳೆ, ಗಟ್ಟಿಯಾಗಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಹೋದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಯುತ್ತೇವೆ. ಕಾಕಾನ ಹೆಸರು ಬಂದಾಗ ಅವಳು ಮೀನಿನ ಸುದ್ದಿ ಎತ್ತದೆ, “ಮತ್ತ? ಮಕ್ಕಳು ಹೆಂಗದಾರ?” ಅನ್ನುತ್ತಾಳೆ.