ಬೇಡವೆಂದ ಊಟಕ್ಕೆ ಹದಿನಾರು ಬನ್ನು

ಥೋರಾ ಸ್ಟೆನ್ವಿಕ್ ಮೂವತ್ತೊಂದು ವರ್ಷ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಬನ್ನು ಮಾಡಿದಳು. ದಿನಕ್ಕೆ ಮುನ್ನೂರು. ಮಿನೆಸೋಟದ ಈ ಬಯಲಿನಲ್ಲಿ ನಲವತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ, ಲೆಕ್ಕದ ಮೇಷ್ಟ್ರ ಹೆಸರು ಮರೆತಿರುತ್ತಾರೆ, ಥೋರಾಳ ಬನ್ನು ಮರೆತಿರುವುದಿಲ್ಲ. ಕೊನೆಕೊನೆಗೆ ಅವಳ ಬೆರಳ ಗಿಣ್ಣುಗಳು ಊದಿಕೊಂಡು ಹಿಟ್ಟು ನಾದಲು ಆಗದೆ ಹೋಯಿತು. ನಿವೃತ್ತಿಯ ದಿನ ಜೊತೆಯ ಅಡುಗೆಯವರೆಲ್ಲ ಸೇರಿ ಒಂದು ಬ್ರೆಡ್ ಮಷೀನು ತಂದು ಮುಂದಿಟ್ಟರು.

"ಅಯ್ಯೋ, ಒಂಟಿ ಹೆಂಗಸಿಗೆ ಯಾಕ್ರೇ ಇದೆಲ್ಲ? ವಾಪಸ್ ಕೊಟ್ಬಿಡಿ."

"ಇಟ್ಕೊಳ್ಳೇ ಥೋರಾ."

"ಬೇಡಪ್ಪ, ಮಕ್ಕಳಿರೋ ಮನೆಗೆ ಯಾರಿಗಾದ್ರೂ ಆಗುತ್ತೆ."

"ಇಟ್ಕೋ ಅಂದ್ನಲ್ಲ!"

"ನೀವು ಇಷ್ಟು ಹೇಳ್ತೀರಿ ಅಂತ," ಎಂದು ಥೋರಾ ಅದನ್ನು ಎದೆಗವಚಿಕೊಂಡು ಮನೆಗೆ ಹೋದಳು.

ಇದು ನಮ್ಮ ಕಡೆಯ ಕಟ್ಟಳೆ. ಒಂದು ಲೋಟ ಕಾಫಿಯೇ ಇರಲಿ, ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಒಪ್ಪಬೇಕು. ಮೊದಲ ಮಾತಿಗೇ ಹೂಂ ಅಂದವನು ಹೊಟ್ಟೆಬಾಕ. ಮೂರು ಸಲ ಕರೆಯದವನು ಬಾಯಿಮಾತಿಗೆ ಕರೆದವನು. ಹೊಟ್ಟೆಯಲ್ಲಿ ಬೇಕು, ಬಾಯಲ್ಲಿ ಬೇಡ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಾವು ಇಂಥ ಜನ.

ಈ ಕಟ್ಟಳೆ ಥೋರಾಳ ಬಾಳನ್ನೇ ಒಮ್ಮೆ ನುಂಗಿ ನೀರು ಕುಡಿದಿತ್ತು. ಅವಳಿಗೆ ಇಪ್ಪತ್ತಾರಾಗಿದ್ದಾಗ ಗೋಧಿ ಗೋದಾಮಿನ ಗುಮಾಸ್ತ ಆಲ್ವಿನ್ ಎಂಬವನು ಮದುವೆಯಾಗುತ್ತೀಯಾ ಎಂದು ಕೇಳಿದ. "ನನ್ನಲ್ಲೇನು ಕಂಡೆ, ಬಿಡು," ಅಂದಳು. ಮುಂದಿನ ಚಳಿಗಾಲ ಮತ್ತೆ ಕೇಳಿದ. "ಅಮ್ಮನ್ನ ನೋಡ್ಕೋಬೇಕಲ್ಲ," ಅಂದಳು. ಆಮೇಲೆ ಮೂರನೆಯ ಸಲ ಕೇಳುತ್ತಾನೆಂದು ಕಿಟಕಿ ಪರದೆಗಳನ್ನೂ ಹೊಲಿದಿಟ್ಟುಕೊಂಡಳು. ಆಲ್ವಿನ್‌ಗೂ ಕಟ್ಟಳೆ ಗೊತ್ತಿತ್ತು, ಆದರೆ ಮೂರನೆಯ ಸಲ ಕೇಳುವಷ್ಟು ಎದೆ ಅವನಿಗಿರಲಿಲ್ಲ. ವಸಂತದಲ್ಲಿ ಡಕೋಟಾ ಕಡೆ ಹೋದವನು ಅಲ್ಲೇ ಮದುವೆಯಾದ. ಥೋರಾಗೆ ಮದುವೆ ಮನಸ್ಸಿರಲಿಲ್ಲ ಎಂದು ಊರು ಹೇಳಿತು. ಇತ್ತು. ಬಹಳ ಇತ್ತು.

ಈಗ ಎಪ್ಪತ್ತೊಂದು. ಮನೆಯಲ್ಲಿ ಅವಳ ಜೊತೆ ಸದ್ದು ಮಾಡುವುದು ಮಷೀನು ಒಂದೇ. ಬೆಚ್ಚಗಿನ ಹಾಲು, ಮೊಟ್ಟೆ, ಬೆಣ್ಣೆ, ಸಕ್ಕರೆ, ಉಪ್ಪು, ಮೇಲೆ ಮೈದಾ, ಮೈದಾದ ನಡುವೆ ಗುಳಿ ಮಾಡಿ ಯೀಸ್ಟು. ಗುಂಡಿ ಒತ್ತಿದರೆ ಗುರುಗುಟ್ಟುತ್ತ ನಾದತೊಡಗುತ್ತದೆ. ಐದು ನಿಮಿಷಕ್ಕೆ ಮುಚ್ಚಳ ತೆಗೆದು ಮುಟ್ಟಿ ನೋಡುತ್ತಾಳೆ, ಬೆರಳಿಗೆ ಅಂಟಿದರೆ ಒಂದು ಚಮಚ ಹಿಟ್ಟು. ಒಂದೂವರೆ ಗಂಟೆಗೆ ಮಷೀನು ಕೀಂ ಕೀಂ ಎನ್ನುತ್ತದೆ. "ಬಂದೆ ಬಂದೆ, ಯಾಕೆ ಬಾಯ್ ಬಡ್ಕೋತೀಯ," ಎಂದು ಥೋರಾ ಗದರುತ್ತಾಳೆ. ದಿನದಲ್ಲಿ ಅವಳು ಬಾಯಿಬಿಟ್ಟು ಆಡಿದ ಮಾತು ಎಷ್ಟೋ ಸಲ ಅಷ್ಟೇ. ಒಂದು ಸಲಕ್ಕೆ ಹದಿನಾರು ಬನ್ನು. ಎರಡು ತಿನ್ನುತ್ತಾಳೆ, ಉಳಿದದ್ದು ಫ್ರೀಜರಿಗೆ.

ಬೇಸಿಗೆಯಲ್ಲಿ ಪಕ್ಕದ ಮನೆಗೆ ಲೊರೆಟಾ ಬಂದಳು. ಪೋಸ್ಟಾಫೀಸಿಗೆ ವರ್ಗವಾಗಿ ನ್ಯೂಜೆರ್ಸಿಯಿಂದ ಬಂದ ನಲವತ್ತೈದರ ಹೆಂಗಸು. ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೂರು ದಿನ ಇರುವಾಗ, ಸೋಮವಾರ, ಬೇಲಿಯಾಚೆಯಿಂದ ಕೂಗಿದಳು.

"ಥೋರಾ! ಗುರುವಾರ ನಮ್ಮನೇಲೇ ಊಟ. ಎರಡು ಗಂಟೆಗೆ. ನಮ್ಮಕ್ಕ, ಭಾವ ಬರ್ತಾರೆ, ಟರ್ಕಿ ಕೋಳಿ ಕರು ಗಾತ್ರ ಇದೆ. ಬನ್ನಿ!"

ಥೋರಾಳ ಎದೆ ಹಕ್ಕಿಯಾಯಿತು. ಬಾಯಿ ಮಾತ್ರ ತನ್ನ ಚಾಳಿ ಬಿಡಲಿಲ್ಲ. "ಅಯ್ಯೋ, ನಿಮ್ಮವರೆಲ್ಲ ಸೇರೋ ಹೊತ್ತಲ್ಲಿ ನಾನ್ಯಾಕಮ್ಮ ನಡುವೆ."

"ಹೌದಾ? ಸರಿ ಹಾಗಾದ್ರೆ, ನಿಮ್ಮಿಷ್ಟ!" ಎಂದು ಲೊರೆಟಾ ಒಳಗೆ ಹೋದಳು.

ಒಂದಾಯಿತು, ಇನ್ನೆರಡು ಬಾಕಿ ಎಂದುಕೊಂಡಳು ಥೋರಾ. ಮಂಗಳವಾರ ಬೇಕಿಲ್ಲದ ಬಟ್ಟೆಯನ್ನೆಲ್ಲ ಒಗೆದು ಆ ಚಳಿಯಲ್ಲಿ ಬೇಲಿಯ ಪಕ್ಕ ಒಣಹಾಕಿದಳು. ಲೊರೆಟಾ ಕೈಬೀಸಿ ಕೆಲಸಕ್ಕೆ ಹೋದಳು. ಬುಧವಾರ ಥೋರಾ ಅಂಚೆಚೀಟಿ ಕೊಳ್ಳುವ ನೆಪದಲ್ಲಿ ಪೋಸ್ಟಾಫೀಸಿಗೇ ಹೋದಳು. ಅವಳ ಮನೆಯ ಡ್ರಾಯರಿನಲ್ಲಿ ಅಂಚೆಚೀಟಿ ರಾಶಿಯೇ ಇತ್ತು.

"ಹಬ್ಬಕ್ಕೆ ಏನು ಮಾಡ್ತೀರಿ?" ಲೊರೆಟಾ ಕೇಳಿದಳು.

"ಏನೋ ಒಂದು," ಎಂದಳು ಥೋರಾ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ನಮ್ಮೂರ ಯಾರಾದರೂ ಆಗಿದ್ದರೆ ಆ ಸುಳಿವು ಹಿಡಿದು ಅಲ್ಲೇ ಮತ್ತೆ ಕರೆಯುತ್ತಿದ್ದರು. ಲೊರೆಟಾ ಚಿಲ್ಲರೆ ಕೊಟ್ಟು, "ಚೆನ್ನಾಗ್ ಮಾಡಿ!" ಅಂದಳು.

ಆದರೂ ಗುರುವಾರ ಬೆಳಿಗ್ಗೆ ಥೋರಾ ಮಷೀನಿಗೆ ಹಾಲು ಸುರಿದಳು. ಕೊನೆ ಗಳಿಗೆಯಲ್ಲಿ ಕರೆದಾರು, ಬರಿಗೈಯಲ್ಲಿ ಹೋಗಲಾದೀತೇ? ಹಿಟ್ಟು ಹೂವಿನ ಹಾಗೆ ಬಂದಿತ್ತು. ಹದಿನಾರು ಉಂಡೆ ಮಾಡಿ, ಅಂಚನ್ನು ಕೆಳಕ್ಕೆ ಮಡಚಿ, ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಉಬ್ಬಲು ಬಿಟ್ಟಳು. ಬೆಂದ ಮೇಲೆ ಬೆಣ್ಣೆ ಸವರಿದಳು. ಒಳ್ಳೆಯ ಸ್ವೆಟರ್ ಹಾಕಿಕೊಂಡು ಫೋನಿನ ಪಕ್ಕ ಕುಳಿತಳು.

ಎರಡಾಯಿತು. ಪಕ್ಕದ ಮನೆಯ ಮುಂದೆ ಕಾರು ನಿಂತಿತು, ನಗು ಕೇಳಿತು, ಬಾಗಿಲು ಹಾಕಿಕೊಂಡಿತು. ಎರಡೂಕಾಲಾಯಿತು. ಫೋನು ಕಲ್ಲಿನಂತೆ ಕುಳಿತಿತ್ತು. ಥೋರಾಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಬಂದ ಅಳು ಅದು. ಮೂಗು ಒರೆಸಿಕೊಂಡು ಬನ್ನಿನ ತಟ್ಟೆ ಹಿಡಿದು ಹೊರಟಳು.

ಬಾಗಿಲು ತೆರೆದ ಲೊರೆಟಾ ಕಿರುಚಿದಳು. "ದೇವರೇ, ಇದೆಲ್ಲ ನೀವೇ ಮಾಡಿದ್ದಾ? ಬನ್ನಿ, ಒಳಗ್ ಬನ್ನಿ!"

"ಇಲ್ಲ ಇಲ್ಲ, ಕೊಟ್ಟು ಹೋಗೋಣ ಅಂತ ಬಂದೆ ಅಷ್ಟೆ," ಎಂದಿತು ಥೋರಾಳ ಬಾಯಿ.

"ಅಯ್ಯೋ ಪಾಪ, ಎಷ್ಟು ಒಳ್ಳೆಯವರು ನೀವು! ಥ್ಯಾಂಕ್ಸ್!" ತಟ್ಟೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಥೋರಾ ಮೆಟ್ಟಿಲ ಮೇಲೆ ನಿಂತಳು. ಕೋಟು ಹಾಕಿಕೊಂಡಿರಲಿಲ್ಲ, ಹಿಮ ಸಣ್ಣಗೆ ಬೀಳುತ್ತಿತ್ತು. ಒಳಗೆ ಯಾರೋ ಗಂಡಸು, "ಏನ್ ಮೆತ್ತಗಿದೆಯೇ ಇದು!" ಎಂದದ್ದು ಕೇಳಿಸಿತು. ಎರಡು ಮೆಟ್ಟಿಲು ಇಳಿದಳು. ತನ್ನ ಮನೆಯ ಬಾಗಿಲು ಇಲ್ಲಿಗೇ ಕಾಣುತ್ತಿತ್ತು. ಅಲ್ಲಿಗೆ ಹೋದರೆ ಫ್ರೀಜರಿನ ತಣ್ಣನೆಯ ಬನ್ನೇ ಗತಿ. ತಿರುಗಿ ಹತ್ತಿ ಬಾಗಿಲು ಬಡಿದಳು.

"ತಟ್ಟೆ ಬೇಕಿತ್ತಾ?" ಲೊರೆಟಾ ಕೇಳಿದಳು.

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಥೋರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಲ್ಲಮ್ಮ. ನನ್ನ ಇನ್ನೊಂದ್ ಸಲ ಕರಿ."

"ಏನಂದ್ರಿ?"

"ಊಟಕ್ಕೆ. ಇನ್ನೊಂದೇ ಸಲ ಕರಿ. ಬೇಡ ಅನ್ನಲ್ಲ."

ಲೊರೆಟಾ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ, ಆ ಗಟ್ಟಿ ಗಂಟಲಿನ ಹೆಂಗಸು ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಥೋರಾ, ಊಟಕ್ಕೆ..." ಎಂದಳು. ಮಾತು ಮುಗಿಯುವುದರೊಳಗೆ ಥೋರಾ ಹೊಸ್ತಿಲು ದಾಟಿದ್ದಳು.